ಆನೆ ಬಂದಿದೆ ಎಂದು ಯಂತ್ರ ನುಡಿಯುವ ಮುನ್ನ

(ಕಾಡಂಚಿನ ಗ್ರಾಮ ಪಂಚಾಯಿತಿಗಳ ಸದಸ್ಯರಿಗಾಗಿ ಏರ್ಪಡಿಸಿದ ಕಾರ್ಯಾಗಾರದಲ್ಲಿ, ಅಲ್ಪ ವಿದ್ಯುತ್ತಿನಲ್ಲಿ ನಡೆಯುವ ಕ್ಯಾಮೆರಾ ಹಾಗೂ ಸಂವೇದಕಗಳ ತತ್‌ಕ್ಷಣ ಪತ್ತೆ ವಿಧಾನವನ್ನು ಕುರಿತು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ, ಕೊಡಗಿನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಹಲವು ಭಾಗಗಳಲ್ಲಿ ಬೆಳಗಿನ ಜಾವ ಹೊಸ್ತಿಲು ದಾಟುವ ಮುನ್ನ ಜನರು ಕೇಳುವ ಮೊದಲ ಪ್ರಶ್ನೆ ಒಂದೇ: ಆನೆ ಎಲ್ಲಿದೆ? ಡೈರಿಗೆ ಹಾಲು ಹಾಕಲು ಹೋಗುವವರು, ಲೈನ್ ಮನೆಯಿಂದ ತೋಟದ ಕೆಲಸಕ್ಕೆ ಹೊರಡುವ ಕಾರ್ಮಿಕ ಮಹಿಳೆಯರು, ಶಾಲೆಯ ಬಸ್ಸಿಗಾಗಿ ತಿರುವಿನಲ್ಲಿ ನಿಲ್ಲುವ ಮಕ್ಕಳು, ಇವರೆಲ್ಲರ ದಿನ ಈ ಪ್ರಶ್ನೆಯ ಉತ್ತರದಿಂದ ಆರಂಭವಾಗುತ್ತದೆ. ರಾಜ್ಯದಲ್ಲಿ 2023ರಲ್ಲಿ ನಡೆದ ಗಣತಿಯು ಆನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜಿಸಿತು. ಅವುಗಳಲ್ಲಿ ಹೆಚ್ಚಿನವು ಕಾಡಿನಲ್ಲಿಯೇ ಇವೆ. ಆದರೆ ತೋಟದ ನೆರಳಿನಲ್ಲಿಯೇ ಹಗಲು ಕಳೆದು, ಸಂಜೆ ಗದ್ದೆಗೆ ಇಳಿಯುವ ಹಿಂಡುಗಳಿಗೆ ಕಾಡು ಯಾವುದು, ಊರು ಯಾವುದು ಎಂಬ ಗಡಿ ಇಲ್ಲ.

ಇಂತಹ ಊರುಗಳ ಗ್ರಾಮ ಪಂಚಾಯಿತಿಗಳ ಮುಂದೆ ಈಚಿನ ದಿನಗಳಲ್ಲಿ ಒಂದು ಹೊಸ ಪ್ರಸ್ತಾವ ಬರತೊಡಗಿದೆ. ಅಂಗೈ ಅಗಲದ ಒಂದು ಪೆಟ್ಟಿಗೆ. ಅದರಲ್ಲಿ ಕ್ಯಾಮೆರಾ, ಬ್ಯಾಟರಿ, ಸಿಮ್ ಕಾರ್ಡ್. ಮರಕ್ಕೆ ಕಟ್ಟಿದರೆ ಸಾಕು, ಆನೆ ಬಂದೊಡನೆ ಗುರುತಿಸಿ ಎಲ್ಲರ ಮೊಬೈಲ್‌ಗೆ ತಿಳಿಸುತ್ತದೆ, ನಿಖರತೆ ಶೇಕಡಾ 99 ಎಂಬುದು ಮಾರಾಟಗಾರರ ವಿವರಣೆ. ಈ ವಿವರಣೆಯಲ್ಲಿ ಸುಳ್ಳು ಇರಬೇಕಾಗಿಲ್ಲ. ಆದರೂ ಅದನ್ನು ನಂಬಿ ಖರೀದಿಗೆ ಠರಾವು ಮಾಡುವ ಮೊದಲು ಪೆಟ್ಟಿಗೆಯ ಒಳಗೆ ನಡೆಯುವುದೇನು ಎಂಬುದನ್ನು ಸದಸ್ಯರು ತಿಳಿದಿರಬೇಕು. ಏಕೆಂದರೆ ಆ ಪೆಟ್ಟಿಗೆಯ ಒಳಗೆ ಒಂದು ತೀರ್ಮಾನ ನಡೆಯುತ್ತದೆ, ಮತ್ತು ಆ ತೀರ್ಮಾನದ ಫಲವನ್ನು ಉಣ್ಣುವವರು ಊರಿನವರು.

ಮೊದಲಿಗೆ ವಿದ್ಯುತ್ತಿನ ವಿಚಾರ. ಪೇಟೆಯ ಅಂಗಡಿಯಲ್ಲಿರುವ ಸಿಸಿ ಕ್ಯಾಮೆರಾಕ್ಕೆ ಗೋಡೆಯಲ್ಲಿಯೇ ಪ್ಲಗ್ ಇದೆ. ಅದು ಹಗಲಿರುಳು ನೋಡುತ್ತ, ನೋಡಿದ್ದನ್ನೆಲ್ಲ ತಂತಿಯ ಮೂಲಕ ಕಳುಹಿಸುತ್ತ ಕುಳಿತಿರಬಹುದು. ಆನೆಯ ದಾರಿಯಲ್ಲಿ ಕಂಬವೂ ಇಲ್ಲ, ತಂತಿಯೂ ಇಲ್ಲ. ಸೌರ ಫಲಕ ಹಾಕೋಣವೆಂದರೆ ಕಾಫಿ ತೋಟದ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿಗಳ ನೆರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಸೂರ್ಯ ಕಾಣುವುದೇ ಅಪರೂಪ. ಆದ್ದರಿಂದ ಪೆಟ್ಟಿಗೆಯು ತನ್ನೊಳಗಿನ ಸಣ್ಣ ಬ್ಯಾಟರಿಯಲ್ಲಿಯೇ ತಿಂಗಳುಗಟ್ಟಲೆ ಬದುಕಬೇಕು.

ಲೆಕ್ಕದ ಸುಲಭಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬ್ಯಾಟರಿಯ ಸಾಮರ್ಥ್ಯ 3,000 ಮಿಲಿಆಂಪಿಯರ್ ಗಂಟೆ. ಒಂದು ಸಾಧಾರಣ ಲಿಥಿಯಂ ಸೆಲ್ಲಿನಲ್ಲಿ ಇರುವಷ್ಟು. ಕ್ಯಾಮೆರಾ ಸದಾ ತೆರೆದಿದ್ದು, ವಿಡಿಯೋವನ್ನು ಸದಾ ಕಳುಹಿಸುತ್ತ ಸರಾಸರಿ 500 ಮಿಲಿಆಂಪಿಯರ್ ಎಳೆದರೆ ಅದು ಆರು ಗಂಟೆಯಲ್ಲಿ ಬರಿದಾಗುತ್ತದೆ. ಸಂಜೆ ಹೊತ್ತಿಸಿದ ದೀಪ ನಡುರಾತ್ರಿಗೆ ಆರಿದಂತೆ. ಅದೇ ಪೆಟ್ಟಿಗೆ ನಿದ್ರಿಸುತ್ತಿರುವಾಗ ಕೇವಲ 0.1 ಮಿಲಿಆಂಪಿಯರ್ ಬಳಸುತ್ತದೆ ಎಂದಾದರೆ ದಿನಕ್ಕೆ 2.4 ಸಾಕು. ದಿನಕ್ಕೆ 200 ಬಾರಿ ಎಚ್ಚೆತ್ತು, ಪ್ರತಿ ಬಾರಿ ಮೂರು ಸೆಕೆಂಡು ಚಿತ್ರ ತೆಗೆದು ಪರಿಶೀಲಿಸಲು 100 ಮಿಲಿಆಂಪಿಯರ್ ಬಳಸಿದರೆ ಇನ್ನು ಸುಮಾರು 17. ಇನ್ನು ಸಂದೇಶ ಕಳುಹಿಸುವ ಖರ್ಚು. ಮೊಬೈಲ್ ಜಾಲವನ್ನು ಹುಡುಕಿ ಒಂದು ಚಿತ್ರವನ್ನು ದಾಟಿಸಲು 20 ಸೆಕೆಂಡು, ಸರಾಸರಿ 300 ಮಿಲಿಆಂಪಿಯರ್ ಎಂದರೆ, ಎಚ್ಚೆತ್ತ 200 ಸಲವೂ ಚಿತ್ರ ಕಳುಹಿಸಿದಲ್ಲಿ ದಿನಕ್ಕೆ 333 ಆಗುತ್ತದೆ. ಬ್ಯಾಟರಿ ಎಂಟೂವರೆ ದಿನಕ್ಕೆ ಮುಗಿಯುತ್ತದೆ. ನಿಜವಾಗಿ ಅಗತ್ಯವಿರುವ ಐದು ಚಿತ್ರಗಳನ್ನು ಮಾತ್ರ ಕಳುಹಿಸಿದರೆ ಸುಮಾರು 8 ಸಾಕು. ಬ್ಯಾಟರಿ ಮೂರೂವರೆ ತಿಂಗಳು ಬರುತ್ತದೆ. ಎಂಟು ದಿನಕ್ಕೂ ಮೂರೂವರೆ ತಿಂಗಳಿಗೂ ಇರುವ ಈ ಅಂತರವನ್ನು ಉಂಟುಮಾಡುವುದು ಬ್ಯಾಟರಿಯ ಗಾತ್ರವಲ್ಲ. ಯಾವ ಐದು ಚಿತ್ರಗಳು ಅಗತ್ಯವಾದವು ಎಂದು ಪೆಟ್ಟಿಗೆ ತಾನೇ ನಿರ್ಧರಿಸುವ ಶಕ್ತಿ. ಆ ನಿರ್ಧಾರದ ಹಂತಗಳ ಕಟ್ಟಳೆಗೇ ಅಲ್ಗಾರಿದಮ್ ಎಂದು ಹೆಸರು.

ಈ ಕಟ್ಟಳೆಯ ಮೂಲ ತತ್ತ್ವ ಪಂಚಾಯಿತಿ ಕಚೇರಿಯಲ್ಲಿ ದಿನವೂ ಕಾಣುವಂಥದ್ದೇ. ಬಂದ ಅರ್ಜಿಗಳೆಲ್ಲ ನೇರವಾಗಿ ಅಭಿವೃದ್ಧಿ ಅಧಿಕಾರಿಯ ಮೇಜಿಗೆ ಹೋಗುವುದಿಲ್ಲ. ಸಹಿ ಇಲ್ಲದ, ದಾಖಲೆ ಇಲ್ಲದ ಅರ್ಜಿಗಳನ್ನು ಗುಮಾಸ್ತರೇ ಹಿಂದಿರುಗಿಸುತ್ತಾರೆ. ಉಳಿದವನ್ನು ಕಾರ್ಯದರ್ಶಿ ನೋಡುತ್ತಾರೆ. ಕೊನೆಗೆ ಉಳಿದ ಕೆಲವು ಮಾತ್ರ ಮೇಲಕ್ಕೆ ಹೋಗುತ್ತವೆ. ಅಗ್ಗದ ಪರೀಕ್ಷೆ ಮೊದಲು, ದುಬಾರಿ ಪರೀಕ್ಷೆ ಕೊನೆಗೆ. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕೇಲ್ ಜೋನ್ಸ್ ಎಂಬ ವಿಜ್ಞಾನಿಗಳು ಚಿತ್ರದಲ್ಲಿ ಮನುಷ್ಯರ ಮುಖವನ್ನು ಪತ್ತೆ ಮಾಡಲು ಇದೇ ತತ್ತ್ವವನ್ನು ಬಳಸಿದರು. ಚಿತ್ರದ ಬಹುಭಾಗದಲ್ಲಿ ಮುಖವೇ ಇಲ್ಲವಾದ್ದರಿಂದ ಒಂದೆರಡು ಸರಳ ಕೂಡು-ಕಳೆ ಲೆಕ್ಕಗಳಲ್ಲಿಯೇ ಆ ಭಾಗವನ್ನು ಕೈಬಿಟ್ಟು, ಸಂಶಯ ಬಂದ ಜಾಗದಲ್ಲಿ ಮಾತ್ರ ಹೆಚ್ಚು ಪರಿಶೀಲಿಸುವುದು ಅವರ ವಿಧಾನ. ಅಂದಿನ ಸಾಮಾನ್ಯ ಕಂಪ್ಯೂಟರಿನಲ್ಲಿಯೇ ಅದು ಸೆಕೆಂಡಿಗೆ 15 ಚಿತ್ರಗಳನ್ನು ನೋಡಬಲ್ಲದಾಗಿತ್ತು. ಇಂದಿನ ವಿಧಾನಗಳು ಬೇರೆಯಾದರೂ ಈ ಮೆಟ್ಟಿಲುಗಳ ಕ್ರಮ ಹಾಗೆಯೇ ಉಳಿದಿದೆ.

ಆನೆ ಪತ್ತೆಯ ಪೆಟ್ಟಿಗೆಯಲ್ಲಿ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಶಾಖವನ್ನು ಗ್ರಹಿಸುವ ಒಂದು ಪುಟ್ಟ ಸಂವೇದಕ. ಹೋಟೆಲುಗಳ ಓಣಿಯಲ್ಲಿ ಜನ ಬಂದೊಡನೆ ದೀಪ ಹೊತ್ತಿಸುವ ಸಾಧನವೂ ಇದೇ ಜಾತಿಯದು. ಅದರ ಮುಂದೆ ಸುತ್ತಲಿನ ಶಾಖಕ್ಕಿಂತ ಭಿನ್ನವಾದ ಶಾಖವುಳ್ಳ ವಸ್ತು ಚಲಿಸಿದರೆ ಅದು ಎಚ್ಚರಗೊಳ್ಳುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪ. ಆದರೆ ಅದಕ್ಕೆ ಆನೆಯೂ ಒಂದೇ, ಎಮ್ಮೆಯೂ ಒಂದೇ. ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ತೂಗಿದರೂ ಅದು ಬೆಚ್ಚಿ ಏಳುತ್ತದೆ. ಬೇಸಿಗೆಯ ನಡು ಮಧ್ಯಾಹ್ನ ಸುತ್ತಲಿನ ಶಾಖ ಪ್ರಾಣಿಯ ಮೈಶಾಖಕ್ಕೆ ಸಮೀಪಿಸಿದಾಗ ಅದರ ಗ್ರಹಣ ಶಕ್ತಿಯೇ ಕುಂದುತ್ತದೆ.

ಎರಡನೆಯ ಮೆಟ್ಟಿಲಿನಲ್ಲಿ ಕ್ಯಾಮೆರಾ ಕಣ್ಣು ತೆರೆದು ಚಿತ್ರ ತೆಗೆಯುತ್ತದೆ. ರಾತ್ರಿಯಾದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲಿ. ಮೂರನೆಯದು ಗುರುತಿಸುವ ಹಂತ. ಇಲ್ಲಿ ಕೆಲಸ ಮಾಡುವುದು ನರಜಾಲವೆಂಬ ಲೆಕ್ಕದ ವ್ಯವಸ್ಥೆ. ಸಾವಿರಾರು ಚಿತ್ರಗಳನ್ನು ತೋರಿಸಿ, ಇದು ಆನೆ, ಇದು ಆನೆಯಲ್ಲ ಎಂದು ಹೇಳಿಕೊಡುತ್ತ ಹೋದಂತೆ ಅದರೊಳಗಿನ ಲಕ್ಷಾಂತರ ಅಂಕಿಗಳು ತಿದ್ದಿಕೊಂಡು ಒಂದು ಸ್ಥಿತಿಗೆ ನಿಲ್ಲುತ್ತವೆ. ಈ ಕಲಿಕೆ ನಡೆಯುವುದು ದೊಡ್ಡ ಕಂಪ್ಯೂಟರುಗಳಲ್ಲಿ. ಕಲಿತು ಮುಗಿದ ಜಾಲವನ್ನು ಕುಗ್ಗಿಸಿ ಪುಟ್ಟ ಚಿಪ್ಪಿಗೆ ಇಳಿಸಬೇಕು. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಮೊಬೈಲ್‌ನೆಟ್ ಮೊದಲಾದ ವಿನ್ಯಾಸಗಳಿಂದ ಈ ಕೆಲಸ ಸುಲಭವಾಯಿತು. ಕುಗ್ಗಿಸುವ ಇನ್ನೊಂದು ಉಪಾಯ ಅಂಕಿಗಳ ನಿಖರತೆಯನ್ನೇ ತಗ್ಗಿಸುವುದು. ಅಕ್ಕಿ ಮೂಟೆಯನ್ನು ತೂಗಲು ಅಕ್ಕಸಾಲಿಗನ ತಕ್ಕಡಿ ಬೇಕಿಲ್ಲ; ಹಾಗೆಯೇ 32 ಬಿಟ್ ಬೇಡುವ ಅಂಕಿಯನ್ನು 8 ಬಿಟ್‌ನಲ್ಲಿ ಬರೆದಿಟ್ಟರೆ ಜಾಲದ ಗಾತ್ರ ಕಾಲುಭಾಗಕ್ಕೆ ಇಳಿಯುತ್ತದೆ, ಗುರುತಿಸುವ ಶಕ್ತಿ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಚಿತ್ರವನ್ನೂ ಕಿರಿದಾಗಿಸುತ್ತಾರೆ. ಇಂತಹ ಚಿಪ್ಪುಗಳಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 96 ಚುಕ್ಕೆಗಳ ಚಿತ್ರ ಬಳಸುವುದು ರೂಢಿ. ಒಟ್ಟು 9,216 ಚುಕ್ಕೆಗಳು. ದೂರದಲ್ಲಿ, ಕಾಫಿ ಗಿಡಗಳ ನಡುವೆ ಬೆನ್ನು ಮಾತ್ರ ತೋರಿಸುತ್ತ ನಿಂತ ಆನೆ ಆ ಚಿತ್ರದಲ್ಲಿ ಎಷ್ಟು ಚುಕ್ಕೆಯಾಗಿ ಉಳಿದೀತು ಎಂಬುದನ್ನು ಸದಸ್ಯರೇ ಊಹಿಸಬಹುದು.

ಇಂತಹ ಸಾಧನಗಳು ಪ್ರಯೋಗಾಲಯದ ಆಟಿಕೆಗಳಾಗಿ ಉಳಿದಿಲ್ಲ. ಮಧ್ಯಪ್ರದೇಶದ ಕಾನ್ಹಾ ಮತ್ತು ಪೆಂಚ್ ಹುಲಿ ಸಂರಕ್ಷಿತ ಪ್ರದೇಶಗಳ ನಡುವಿನ ಕಾರಿಡಾರಿನಲ್ಲಿ 2022ರಿಂದ ಟ್ರೈಲ್‌ಗಾರ್ಡ್ ಎಂಬ ಕ್ಯಾಮೆರಾಗಳನ್ನು ಅಳವಡಿಸಿ ಪರೀಕ್ಷಿಸಲಾಗಿದೆ. ಪೆಟ್ಟಿಗೆಯೊಳಗಿನ ಚಿಪ್ಪೇ ಹುಲಿಯನ್ನು ಗುರುತಿಸಿ, ಅರ್ಧ ನಿಮಿಷದೊಳಗೆ ಚಿತ್ರವನ್ನು ಅರಣ್ಯ ಸಿಬ್ಬಂದಿಯ ಮೊಬೈಲ್‌ಗೆ ಮುಟ್ಟಿಸಿತು. ತಮಿಳುನಾಡಿನ ಕೊಯಮತ್ತೂರು ಬಳಿಯ ಮದುಕ್ಕರೈನಲ್ಲಿ 2024ರ ಫೆಬ್ರವರಿಯಲ್ಲಿ ಆರಂಭವಾದ ವ್ಯವಸ್ಥೆ ಇನ್ನೊಂದು ಬಗೆಯದು. ಅಲ್ಲಿ ರೈಲು ಹಳಿಗಳ ಪಕ್ಕ 12 ಗೋಪುರಗಳನ್ನು ನಿಲ್ಲಿಸಿ, ಶಾಖವನ್ನು ಕಾಣುವ ಕ್ಯಾಮೆರಾಗಳನ್ನು ಇಟ್ಟು, ನಿಯಂತ್ರಣ ಕೊಠಡಿಯಿಂದ ಕಾವಲು ಕಾಯುತ್ತಾರೆ. ಇದು ಅಲ್ಪ ವಿದ್ಯುತ್ತಿನ ಸಾಧನವಲ್ಲ, ಕೋಟಿಗಟ್ಟಲೆ ವೆಚ್ಚದ ಯೋಜನೆ. ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೂ ಅದರಿಂದ ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ಎಚ್ಚರಿಕೆ ಬಂದಾಗ ಯಾರು ಏನು ಮಾಡಬೇಕು ಎಂಬುದು ಮೊದಲೇ ಗೊತ್ತು: ಆನೆ ಹಳಿಯ ಹತ್ತಿರ ಬಂದರೆ ರೈಲನ್ನು ನಿಧಾನಿಸಬೇಕು. ಗ್ರಾಮದಲ್ಲಿ ಆ ಉತ್ತರ ಅಷ್ಟು ಸರಳವಾಗಿಲ್ಲ.

ಈಗ ಶೇಕಡಾ 99ರ ವಿಚಾರಕ್ಕೆ ಬರಬಹುದು. ಒಂದು ಊರಿನ ದಾರಿಯಲ್ಲಿ ಕಟ್ಟಿದ ಕ್ಯಾಮೆರಾ ದಿನಕ್ಕೆ 200 ಬಾರಿ ಎಚ್ಚೆತ್ತುಕೊಳ್ಳುತ್ತದೆ ಎಂದು ಭಾವಿಸಿದರೆ, ಅವುಗಳಲ್ಲಿ ಬಹುತೇಕ ಎಲ್ಲವೂ ದನ, ನಾಯಿ, ಬೈಕು, ಮನುಷ್ಯ, ಎಲೆ. ನೂರಕ್ಕೆ ಒಂದು ಬಾರಿ ಮಾತ್ರ ಯಂತ್ರ ತಪ್ಪಿ ಆನೆ ಎಂದು ಕೂಗಿದರೂ ದಿನಕ್ಕೆ ಎರಡು, ವರ್ಷಕ್ಕೆ 730 ಸುಳ್ಳು ಎಚ್ಚರಿಕೆಗಳಾದವು. ಆನೆಗಳು ಆ ದಾರಿಯಲ್ಲಿ ವರ್ಷಕ್ಕೆ 40 ರಾತ್ರಿ ಬರುತ್ತವೆ, ಯಂತ್ರ ಅವುಗಳಲ್ಲಿ 36 ರಾತ್ರಿ ಸರಿಯಾಗಿ ಹಿಡಿಯುತ್ತದೆ ಎಂದುಕೊಂಡರೆ, ಒಟ್ಟು 766 ಎಚ್ಚರಿಕೆಗಳಲ್ಲಿ ನಿಜವಾದವು 36. ಅಂದರೆ ಸುಮಾರು 21 ಸಂದೇಶಗಳಿಗೆ ಒಂದು ಮಾತ್ರ ನಿಜ. ಮಾರಾಟಗಾರರು ಹೇಳಿದ ಶೇಕಡಾ 99 ಸುಳ್ಳಲ್ಲ. ಸಂದೇಶ ಪಡೆದವರ ಅನುಭವದಲ್ಲಿ ಅದು ಶೇಕಡಾ 5ಕ್ಕೂ ಕಡಿಮೆ. "ತೋಳ ಬಂತು ತೋಳ" ಎಂಬ ಪಾಠವನ್ನು ಓದದವರು ಯಾರೂ ಇಲ್ಲ. ಒಂದು ತಿಂಗಳಲ್ಲಿ ಜನರು ಸಂದೇಶವನ್ನು ತೆರೆಯುವುದನ್ನೇ ಬಿಡುತ್ತಾರೆ, ಎರಡನೆಯ ತಿಂಗಳಲ್ಲಿ ಆ ಸಂಖ್ಯೆಯನ್ನು ತಡೆಹಿಡಿಯುತ್ತಾರೆ.

ಪರಿಹಾರವಾಗಿ ಯಂತ್ರದ ಮಿತಿಯನ್ನು ಬಿಗಿಗೊಳಿಸಬಹುದು. ನರಜಾಲವು ಹೌದು ಅಥವಾ ಅಲ್ಲ ಎಂದು ಖಚಿತವಾಗಿ ನುಡಿಯುವುದಿಲ್ಲ. ಈ ಚಿತ್ರದಲ್ಲಿ ಆನೆ ಇರುವ ಸಂಭವ ಇಷ್ಟು ಎಂದು ಒಂದು ಅಂಕಿಯನ್ನು ಕೊಡುತ್ತದೆ. ಆ ಅಂಕಿ 0.6 ದಾಟಿದರೆ ಕೂಗಬೇಕೋ, 0.9 ದಾಟಿದರೆ ಕೂಗಬೇಕೋ ಎಂಬುದನ್ನು ಮನುಷ್ಯರು ನಿಗದಿ ಮಾಡುತ್ತಾರೆ. ಬಿಗಿಗೊಳಿಸಿದ ಪರಿಣಾಮವಾಗಿ ಸುಳ್ಳು ಎಚ್ಚರಿಕೆ ಸಾವಿರಕ್ಕೆ ಒಂದಕ್ಕೆ ಇಳಿದು, ವರ್ಷಕ್ಕೆ 73 ಆಯಿತು ಎಂದಿರಲಿ. ಊರಿಗೆ ನೆಮ್ಮದಿ. ಆದರೆ ಅದೇ ಬಿಗಿಯಲ್ಲಿ ಆನೆ ಬಂದ 40 ರಾತ್ರಿಗಳಲ್ಲಿ ಯಂತ್ರ ಹಿಡಿಯುವುದು 36ರ ಬದಲು 28 ಆಗಬಹುದು. ಉಳಿದ 12 ರಾತ್ರಿ ಅದು ನೋಡಿಯೂ ಸುಮ್ಮನಿರುತ್ತದೆ. ಆ 12 ರಾತ್ರಿಗಳು ಯಾವುವು? ಬಹುಮಟ್ಟಿಗೆ ಮಂಜು ಕವಿದ, ಮಳೆ ಸುರಿಯುವ, ಆನೆ ಗಿಡಗಳ ಮರೆಯಲ್ಲಿಯೇ ಸಾಗುವ ರಾತ್ರಿಗಳು. ಅಂದರೆ ಮನುಷ್ಯರ ಕಣ್ಣಿಗೂ ಆನೆ ಕಾಣದ ರಾತ್ರಿಗಳು.

ಈ ಮಿತಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಾಂತ್ರಿಕ ಪ್ರಶ್ನೆಯಂತೆ ಕಾಣುತ್ತದೆ, ಹಾಗಾಗಿ ಅದನ್ನು ಸರಬರಾಜುದಾರರ ಎಂಜಿನಿಯರ್‌ಗೆ ಬಿಟ್ಟುಬಿಡುವುದು ವಾಡಿಕೆ. ಅದು ಸರಿಯಲ್ಲ. ಹೆಚ್ಚು ನಿದ್ದೆಗೆಡುವುದೋ, ಹೆಚ್ಚು ಅಪಾಯ ಹೊರುವುದೋ ಎಂಬ ಆಯ್ಕೆ ಅಲ್ಲಿದೆ; ಅದನ್ನು ಮಾಡಬೇಕಾದವರು ಆ ದಾರಿಯಲ್ಲಿ ನಡೆಯುವವರು. ಶಾಲಾ ದಾರಿಯ ಕ್ಯಾಮೆರಾಕ್ಕೆ ಬೆಳಗಿನ ಎರಡು ಗಂಟೆ ಸಡಿಲ ಮಿತಿ, ರಾತ್ರಿ ಜನಸಂಚಾರವೇ ಇಲ್ಲದ ಗದ್ದೆಯ ಅಂಚಿಗೆ ಬಿಗಿ ಮಿತಿ ಎಂಬಂತೆ ಹೊತ್ತಿಗೆ, ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಇಡಲು ಬರುತ್ತದೆ. ವಾರ್ಡ್ ಸಭೆಯಲ್ಲಿ ಅರ್ಧ ಗಂಟೆ ಚರ್ಚಿಸಿದರೆ ಊರಿನವರು ಇದನ್ನು ಎಂಜಿನಿಯರಿಗಿಂತ ಚೆನ್ನಾಗಿ ಹೇಳಬಲ್ಲರು.

ಸುಳ್ಳು ಎಚ್ಚರಿಕೆಯನ್ನು ತಗ್ಗಿಸಲು ಇನ್ನೊಂದು ಮಾರ್ಗ, ಒಂದರ ಹಿಂದೆ ಒಂದು ಮೂರು ಚಿತ್ರ ತೆಗೆದು ಎರಡರಲ್ಲಾದರೂ ಆನೆ ಕಂಡರೆ ಮಾತ್ರ ಕೂಗುವುದು. ಒಳ್ಳೆಯ ಉಪಾಯ. ಆದರೆ ಅದರಿಂದ ತಪ್ಪು ಮೂರು ಪಟ್ಟು, ಹತ್ತು ಪಟ್ಟು ಇಳಿಯುತ್ತದೆಂಬ ಭರವಸೆಯನ್ನು ಎಚ್ಚರದಿಂದ ಕೇಳಬೇಕು. ಮೊದಲ ಚಿತ್ರದಲ್ಲಿ ಆನೆಯಂತೆ ಕಂಡ ಎಮ್ಮೆ ಒಂದು ಸೆಕೆಂಡಿನ ಬಳಿಕವೂ ಅದೇ ಎಮ್ಮೆ. ಎರಡನೆಯ ಚಿತ್ರದಲ್ಲಿಯೂ ಅದು ಆನೆಯಂತೆಯೇ ಕಾಣುವ ಸಂಭವವೇ ಹೆಚ್ಚು. ಇದಕ್ಕಿಂತ ಭದ್ರವಾದದ್ದು ಬೇರೆ ಬಗೆಯ ಸಾಕ್ಷಿಯನ್ನು ಕೂಡಿಸುವುದು: ಹೆಜ್ಜೆಯ ಕಂಪನವನ್ನು ಗ್ರಹಿಸುವ ಸಂವೇದಕ, ಅಥವಾ ಇನ್ನೂರು ಮೀಟರ್ ಆಚೆ ಕಟ್ಟಿದ ಇನ್ನೊಂದು ಕ್ಯಾಮೆರಾ. ಎಲ್ಲಕ್ಕಿಂತ ಭದ್ರವಾದದ್ದು, ಊರಿಗೆಲ್ಲ ಸಂದೇಶ ಹೋಗುವ ಮುನ್ನ ಒಬ್ಬ ಮನುಷ್ಯ ಚಿತ್ರವನ್ನು ನೋಡುವುದು. ಅದಕ್ಕೆ ಐದು ಸೆಕೆಂಡು ಸಾಕು. ಆದರೆ ಆ ಮನುಷ್ಯ ರಾತ್ರಿ ಎರಡು ಗಂಟೆಗೂ ಎಚ್ಚರವಿರಬೇಕು, ಅವನಿಗೆ ಸಂಬಳವೋ ಗೌರವಧನವೋ ಸಲ್ಲಬೇಕು.

ಯಂತ್ರಕ್ಕೆ ಪಾಠ ಹೇಳಿದ ಚಿತ್ರಗಳು ಎಲ್ಲಿಯವು ಎಂಬುದನ್ನೂ ಕೇಳತಕ್ಕದ್ದು. ಆಫ್ರಿಕದ ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ ಪಕ್ಕಕ್ಕೆ ತಿರುಗಿ ನಿಂತ ಆನೆಯ ಚಿತ್ರಗಳು ಲೋಕದಲ್ಲಿ ಧಾರಾಳವಾಗಿವೆ. ಮಲೆನಾಡಿನ ತೋಟದಲ್ಲಿ ಕಾಣುವುದು ಅಂತಹ ಆನೆಯಲ್ಲ: ಇರುಳಿನಲ್ಲಿ ಬೂದುಬಣ್ಣದ ಒಂದು ಗೋಡೆ, ಅದರ ಮುಂದೆ ಕಾಫಿ ಕೊಂಬೆ, ಲೆನ್ಸಿನ ಮೇಲೆ ಮಳೆಹನಿ. ಬೇರೆ ಕಡೆಯ ಚಿತ್ರಗಳಲ್ಲಿ ಪರೀಕ್ಷಿಸಿ ಪಡೆದ ಅಂಕ ಇಲ್ಲಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಹಣ ಪಾವತಿಗೆ ಮೊದಲು, ಮಳೆಗಾಲದ ಒಂದು ತಿಂಗಳನ್ನೂ ಒಳಗೊಂಡಂತೆ, ಊರಿನ ದಾರಿಯಲ್ಲಿಯೇ ಪರೀಕ್ಷೆ ನಡೆಯಬೇಕು. ಯಂತ್ರ ಕೂಗಿದ ಪ್ರತಿ ಬಾರಿಯನ್ನೂ, ಮರುದಿನ ಲದ್ದಿ, ಹೆಜ್ಜೆ ಗುರುತು ಅಥವಾ ಮುರಿದ ಬೈನೆ ಮರ ಕಂಡೂ ಯಂತ್ರ ಕೂಗದಿದ್ದ ಪ್ರತಿ ಬಾರಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡನೆಯ ಬಗೆಯ ನಮೂದನ್ನು ಸರಬರಾಜುದಾರರು ಬರೆಯಲಾರರು. ಅದು ಊರಿನವರಿಗೆ ಮಾತ್ರ ಗೊತ್ತಾಗುವ ವಿಷಯ.

ಇನ್ನೊಂದು ದೋಷವಿದೆ, ಅದು ಎಲ್ಲಕ್ಕಿಂತ ಅಪಾಯಕರ, ಆದರೆ ಕಣ್ಣಿಗೆ ಬೀಳದು. ಆನೆ ಬರದ ರಾತ್ರಿ ಕ್ಯಾಮೆರಾ ಮೌನವಾಗಿರುತ್ತದೆ. ಕೆಟ್ಟುಹೋದ ಕ್ಯಾಮೆರಾವೂ ಮೌನವಾಗಿರುತ್ತದೆ. ಎರಡು ಮೌನಗಳಿಗೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಜೇಡ ಲೆನ್ಸಿಗೆ ಬಲೆ ಕಟ್ಟುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕೋತಿ ತಂತಿ ಕೀಳುತ್ತದೆ, ಸಿಮ್‌ನ ರೀಚಾರ್ಜ್ ಮುಗಿಯುತ್ತದೆ. ಕುತೂಹಲ ಹೆಚ್ಚಾದರೆ ಆನೆಯೇ ಪೆಟ್ಟಿಗೆಯನ್ನು ಸೊಂಡಿಲಿನಿಂದ ಕಿತ್ತು ಬಿಸಾಡುವುದೂ ಉಂಟು. ಸಂದೇಶ ಬರಲಿಲ್ಲ, ದಾರಿ ಸುರಕ್ಷಿತ ಎಂದು ನಂಬಿ ನಡೆದವರಿಗೆ ಯಂತ್ರವೇ ಇಲ್ಲದ ಕಾಲಕ್ಕಿಂತ ಹೆಚ್ಚಿನ ಅಪಾಯ, ಏಕೆಂದರೆ ಮೊದಲು ಅವರು ಕಿವಿಗೊಟ್ಟು, ಮೂಸಿ ನೋಡಿ, ನಾಯಿಯ ಬೊಗಳು ಕೇಳಿ ಹೆಜ್ಜೆ ಇಡುತ್ತಿದ್ದರು. ಇದಕ್ಕೆ ಪರಿಹಾರ ಸುಲಭ. ಪ್ರತಿ ಕ್ಯಾಮೆರಾವೂ ದಿನಕ್ಕೆ ಒಂದೆರಡು ಬಾರಿ, ಆನೆ ಇರಲಿ ಬಿಡಲಿ, ತಾನು ಸರಿಯಾಗಿದ್ದೇನೆಂದು ಒಂದು ಸಾಲಿನ ಸಂದೇಶ ಕಳುಹಿಸಬೇಕು. ಅದು ಬರದಿದ್ದ ದಿನ ಸೂಚನಾ ಫಲಕದಲ್ಲಿ ಹಸಿರು ದೀಪ ಉರಿಯಕೂಡದು. "ಮಾಹಿತಿ ಇಲ್ಲ" ಎಂದು ತೋರಿಸಬೇಕು. ಚಿತ್ರವಿಲ್ಲದ ಇಂತಹ ಚಿಕ್ಕ ಸಂದೇಶಗಳನ್ನು ಮೊಬೈಲ್ ಜಾಲವಿಲ್ಲದ ಕಡೆ ಲೋರಾ ಎಂಬ ರೇಡಿಯೋ ವಿಧಾನದಿಂದ ಕಳುಹಿಸಬಹುದು. ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳನ್ನು ಇದಕ್ಕೆ ಪರವಾನಗಿ ಇಲ್ಲದೆ ಬಳಸಲು ಅವಕಾಶವಿದೆ. ಅತ್ಯಲ್ಪ ವಿದ್ಯುತ್ತಿನಲ್ಲಿ ಕಿಲೋಮೀಟರುಗಟ್ಟಲೆ ಸಾಗುತ್ತದೆ, ಗುಡ್ಡ ಮತ್ತು ದಟ್ಟ ಮರಗಳು ಆ ದೂರವನ್ನು ತಗ್ಗಿಸುತ್ತವೆ.

ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಕಂಡಿರುವ ಸದಸ್ಯರಿಗೆ ನಿರ್ವಹಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಖರೀದಿಯ ಹಣ ಒಂದು ವರ್ಷದ ಕ್ರಿಯಾ ಯೋಜನೆಯಲ್ಲಿ ಸಿಗುತ್ತದೆ. ರೀಚಾರ್ಜ್, ಬ್ಯಾಟರಿ, ಲೆನ್ಸ್ ಒರೆಸುವ ಕೂಲಿ ಪ್ರತಿ ವರ್ಷವೂ ಬೇಕು. ಅದನ್ನು ಮೊದಲ ದಿನವೇ ಬರೆದಿಡದಿದ್ದರೆ ಪೆಟ್ಟಿಗೆ ಎರಡನೆಯ ಮಳೆಗಾಲವನ್ನು ಕಾಣುವುದಿಲ್ಲ.

ಎಚ್ಚರಿಕೆಯು ಜನರನ್ನು ತಲುಪುವ ಬಗೆಯಲ್ಲಿ ಅನುಕರಣೀಯವಾದ ಮಾದರಿಯೊಂದು ಯಾವ ಅಲ್ಗಾರಿದಮ್ಮೂ ಇಲ್ಲದೆ ರೂಪುಗೊಂಡಿತು. ತಮಿಳುನಾಡಿನ ಆನೈಮಲೈ ಬೆಟ್ಟಗಳ ವಾಲ್ಪಾರೈನಲ್ಲಿ, ಚಹಾ ತೋಟಗಳ ನಡುವೆ ಸಂಭವಿಸಿದ ಸಾವುಗಳಲ್ಲಿ ಬಹುಪಾಲು ಆನೆ ಸನಿಹದಲ್ಲಿದೆಯೆಂಬುದು ತಿಳಿಯದೆ ಎದುರಾದಾಗ ಆದವು ಎಂಬುದನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಕಂಡುಕೊಂಡರು. ಆನೆಗಳನ್ನು ಹಿಂಬಾಲಿಸುವ ಸಿಬ್ಬಂದಿ ಸಂಜೆ ತಿಳಿಸಿದ ಮಾಹಿತಿಯನ್ನು ಸ್ಥಳೀಯ ಕೇಬಲ್ ಟಿವಿಯ ಪಟ್ಟಿಯಲ್ಲಿ, ಮೊಬೈಲ್ ಸಂದೇಶದಲ್ಲಿ, ತಿರುವುಗಳಲ್ಲಿ ನಿಲ್ಲಿಸಿದ ಕೆಂಪು ದೀಪಗಳಲ್ಲಿ ಜನರಿಗೆ ಮುಟ್ಟಿಸುವ ವ್ಯವಸ್ಥೆ ಬೆಳೆಯಿತು. ದೀಪಗಳನ್ನು ಊರಿನವರೇ ಮೊಬೈಲ್ ಕರೆಯ ಮೂಲಕ ಹೊತ್ತಿಸುತ್ತಿದ್ದರು. ಈ ಕಾರ್ಯಕ್ಕಾಗಿ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವ್ಹಿಟ್ಲೆ ಪ್ರಶಸ್ತಿ ಸಂದಿತು. ಬಳಿಕ ಹಾಸನ ಜಿಲ್ಲೆಯಲ್ಲಿಯೂ ಅರಣ್ಯ ಇಲಾಖೆಯ ಸಹಯೋಗದೊಂದಿಗೆ ಸಂದೇಶ, ಧ್ವನಿ ಕರೆ ಹಾಗೂ ಸೂಚನಾ ಫಲಕಗಳ ಇಂತಹ ವ್ಯವಸ್ಥೆ ಬಂದಿತು. ಆನೆ ಕಾರ್ಯಪಡೆಯ ಸಿಬ್ಬಂದಿ ಇಂದಿಗೂ ಕಾಲ್ನಡಿಗೆಯಲ್ಲಿ ಹಿಂಡುಗಳ ಬೆನ್ನುಹತ್ತುತ್ತಾರೆ. ಕ್ಯಾಮೆರಾ ಈ ಸರಪಳಿಗೆ ಸೇರುವ ಹೊಸ ಕೊಂಡಿಯಾಗಬಹುದು. ಓದಲು ಬಾರದವರಿಗೆ, ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಕನ್ನಡ ಅರಿಯದ ಹೊರರಾಜ್ಯದ ತೋಟ ಕಾರ್ಮಿಕರಿಗೆ ಕೆಂಪು ದೀಪವೂ ಧ್ವನಿ ಕರೆಯೂ ಈಗಲೂ ಮುಖ್ಯ.

ಕೊನೆಯದಾಗಿ, ಆದರೆ ಠರಾವಿನಲ್ಲಿ ಮೊದಲು ಬರಬೇಕಾದ ವಿಚಾರ: ಈ ಕಣ್ಣು ಆನೆಯನ್ನು ಮಾತ್ರ ನೋಡುವುದಿಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಸುಮಾರು 270 ಜನರನ್ನು ಮಾತನಾಡಿಸಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಾಣಿಗಳಿಗೆಂದು ಕಟ್ಟಿದ ಕ್ಯಾಮೆರಾಗಳಲ್ಲಿ ಕಾಡಿಗೆ ಸೌದೆ, ಸೊಪ್ಪಿಗೆ ಹೋದ ಹೆಂಗಸರ ಚಿತ್ರಗಳು ಸೆರೆಯಾಗುತ್ತಿದ್ದವು. ಬಹಿರ್ದೆಸೆಗೆ ಹೋದ ಮಹಿಳೆಯೊಬ್ಬರ ಚಿತ್ರ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಅದರ ಫಲವಾಗಿ ಹೆಂಗಸರು ಕ್ಯಾಮೆರಾ ಇರುವೆಡೆ ಹಾಡುವುದನ್ನು, ಗಟ್ಟಿಯಾಗಿ ಮಾತನಾಡುವುದನ್ನು ನಿಲ್ಲಿಸಿದರು. ಕಾಡಿನಲ್ಲಿ ಹಾಡುವುದು, ಕೂಗಿ ಮಾತನಾಡುವುದು ಮೃಗಗಳಿಗೆ ತಮ್ಮ ಇರವನ್ನು ತಿಳಿಸುವ ಹಳೆಯ ಉಪಾಯ. ಮನುಷ್ಯರನ್ನು ಕಾಪಾಡಲೆಂದು ಕಟ್ಟುವ ಯಂತ್ರವೂ ಅವರನ್ನು ಇದೇ ಅಪಾಯಕ್ಕೆ ದೂಡಬಲ್ಲದು.

ಅಲ್ಪ ವಿದ್ಯುತ್ತಿನ ಅಲ್ಗಾರಿದಮ್ಮಿನಿಂದ ಇಲ್ಲೊಂದು ಅನುಕೂಲವುಂಟು. ತೀರ್ಮಾನ ಪೆಟ್ಟಿಗೆಯೊಳಗೇ ನಡೆಯುವುದರಿಂದ ಆನೆಯಲ್ಲದ ಚಿತ್ರವನ್ನು ಹೊರಗೆ ಕಳುಹಿಸುವ ಅಗತ್ಯವೇ ಇಲ್ಲ. ಅದನ್ನು ಅಲ್ಲಿಯೇ ಅಳಿಸಿಹಾಕಬಹುದು. ಹಾಗೆ ಅಳಿಸಲಾಗುತ್ತದೆಯೇ, ಅಥವಾ ಮುಂದಿನ ತರಬೇತಿಗೆಂದು ಕಾರ್ಡಿನಲ್ಲಿ ಉಳಿಸಿಕೊಳ್ಳಲಾಗುತ್ತದೆಯೇ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಕ್ಯಾಮೆರಾ ಕಟ್ಟುವ ಜಾಗವನ್ನು ಆ ವಾರ್ಡಿನ ಮಹಿಳೆಯರು ಒಪ್ಪಿರಬೇಕು. ಅದು ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು. ಚಿತ್ರ ನೋಡುವ ಅಧಿಕಾರ ಯಾರಿಗೆ ಎಂಬುದನ್ನು ಹುದ್ದೆಯ ಹೆಸರಿನಿಂದಲೇ ನಮೂದಿಸಬೇಕು.

ಪ್ರಸ್ತಾವ ಬಂದಿರುವ ಪಂಚಾಯಿತಿಗಳು ಎಚ್ಚರಿಕೆಯ ಮಿತಿ, ರಾತ್ರಿ ಚಿತ್ರ ಪರಿಶೀಲಿಸುವವರ ನೇಮಕ, ದೈನಂದಿನ ಸ್ಥಿತಿ ಸಂದೇಶ, ಚಿತ್ರಗಳ ಅಳಿಸುವಿಕೆ ಮತ್ತು ವಾರ್ಷಿಕ ನಿರ್ವಹಣಾ ವೆಚ್ಚ, ಇವನ್ನು ಗ್ರಾಮ ಸಭೆಯ ಮುಂದಿಟ್ಟು ಚರ್ಚಿಸಿದ ಬಳಿಕವೇ ಟೆಂಡರಿನ ಷರತ್ತುಗಳನ್ನು ಬರೆಯುವುದು ಉಚಿತ. ಪರೀಕ್ಷಾ ಅವಧಿಯ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಡುವುದು, ಮತ್ತು ಅಂತಿಮ ಬಿಲ್ಲಿನೊಂದಿಗೆ ಅದರ ಪ್ರತಿಯನ್ನು ಲಗತ್ತಿಸುವುದು.